ಚಳಿಗೆ ಮುಂಚೆ ಮನೆ, ಕೊಟ್ಟಿಗೆ, ಮರಿಗೂಡು: ಓದುಗರ ಪ್ರಶ್ನೆಗಳಿಗೆ ಉತ್ತರ

ದೀಪಾವಳಿ ಮುಗಿದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವರ ಚಿಂತೆ ಒಂದೇ. ಕೈಯಲ್ಲಿ ದುಡ್ಡು ಕಡಿಮೆ, ಮನೆಯಲ್ಲಿ ವಯಸ್ಸಾದವರಿದ್ದಾರೆ, ಹಿತ್ತಲಲ್ಲಿ ಕರುವೋ ಕೋಳಿಮರಿಯೋ ಇದೆ, ಡಿಸೆಂಬರ್-ಜನವರಿಯ ಚಳಿಗೆ ಏನು ಮಾಡುವುದು? ಒಂದು ಮಾತು ಎಲ್ಲರಿಗೂ ಅನ್ವಯಿಸುತ್ತದೆ. ಬಿಸಿ ಮಾಡುವ ಸಾಮಾನಿಗೆ ದುಡ್ಡು ಹಾಕುವ ಮೊದಲು ಗಾಳಿ ನುಗ್ಗುವ ಸಂದು ಮುಚ್ಚಿ, ತೇವ ಹೊರಗೆ ಹಾಕಿ, ಮಲಗುವ ಜಾಗವನ್ನು ನೆಲದಿಂದ ಬೇರ್ಪಡಿಸಿ. ಮನುಷ್ಯರಿಗೂ ಪ್ರಾಣಿಗಳಿಗೂ ಅರ್ಧ ಚಳಿ ಅಲ್ಲೇ ತಪ್ಪುತ್ತದೆ. ಉಳಿದ ವಿವರಗಳು ಕೆಳಗಿವೆ.

ಪ್ರಶ್ನೆ: ಬೀದರ್ ಜಿಲ್ಲೆಯ ಹಳ್ಳಿಯಲ್ಲಿ ನಮ್ಮ ಮನೆ. ಎರಡು ಕೋಣೆ, ಮೇಲೆ ತಗಡು. ಬೆಳಗಿನ ಜಾವ ತಗಡಿನಿಂದ ಹಾಸಿಗೆ ಮೇಲೆ ನೀರು ತೊಟ್ಟಿಕ್ಕುತ್ತದೆ. ಅತ್ತೆಗೆ ಎಪ್ಪತ್ತು ದಾಟಿದೆ, ಉಬ್ಬಸವೂ ಸಕ್ಕರೆ ಕಾಯಿಲೆಯೂ ಇದೆ. ಬಾಗಿಲು ಹಾಕಿಕೊಂಡು ಶಿಗಡಿ ಇಟ್ಟು ಮಲಗುತ್ತೇವೆ. ಎರಡು ಸಾವಿರ ರೂಪಾಯಿಯೊಳಗೆ ಏನಾದರೂ ಮಾಡಬಹುದೇ?

ಉತ್ತರ: ಮೊದಲು ಶಿಗಡಿಯ ಮಾತು. ಇವತ್ತು ರಾತ್ರಿಯಿಂದಲೇ ಅದನ್ನು ಮಲಗುವ ಕೋಣೆಯಿಂದ ಹೊರಗಿಡಿ. ಹೊಗೆ ನಿಂತು ಕೆಂಡ ನಿಗಿನಿಗಿ ಆದಾಗ ಅಪಾಯ ಕಳೆಯಿತು ಎಂದು ಎಷ್ಟೋ ಮನೆಗಳಲ್ಲಿ ನಂಬುತ್ತಾರೆ. ಆದರೆ ಆ ಕೆಂಡದಿಂದಲೇ ಕಾರ್ಬನ್ ಮಾನಾಕ್ಸೈಡ್ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮೂ ಬರುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಕೂತುಬಿಡುತ್ತದೆ. ಎಚ್ಚರವಿದ್ದವರಿಗೆ ತಲೆನೋವು, ವಾಕರಿಕೆ, ಕಾಲು ಸೋತಂತೆ ಆಗುವುದು ಗೊತ್ತಾಗುತ್ತದೆ. ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. ಕಿಟಕಿ ಸ್ವಲ್ಪ ತೆರೆದಿದ್ದೇವೆ ಎಂಬ ಧೈರ್ಯವೂ ಬೇಡ. ಸಂಜೆ ಪಡಸಾಲೆಯಲ್ಲಿ ಬಾಗಿಲು ತೆರೆದಿಟ್ಟು ಕೈ ಕಾಯಿಸಿಕೊಳ್ಳಿ, ಮಲಗುವ ಮುಂಚೆ ಅಂಗಳಕ್ಕೆ ಸಾಗಿಸಿ. ಉಬ್ಬಸ ಇರುವವರಿಗಂತೂ ಅದರ ಹೊಗೆಯೇ ರೋಗ ಕೆರಳಿಸುತ್ತದೆ. ಸೊಳ್ಳೆ ಬತ್ತಿಯೂ ಹಾಗೆಯೇ, ಅದರ ಬದಲು ಸೊಳ್ಳೆಪರದೆ ಕಟ್ಟಿ. ಪರದೆಯ ಒಳಗೆ ಸ್ವಲ್ಪ ಬೆಚ್ಚಗೂ ಇರುತ್ತದೆ.

ಇನ್ನು ತಗಡು. ಮೋಡವಿಲ್ಲದ ರಾತ್ರಿ ತಗಡು ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ನಿಮ್ಮ ಉಸಿರಿನ ಹಬೆ, ಅಡುಗೆಯ ಹಬೆ ಅದಕ್ಕೆ ತಾಗಿ ನೀರಾಗಿ ತೊಟ್ಟಿಕ್ಕುತ್ತದೆ. ತಗಡಿನ ತೂತಿನಿಂದ ಸೋರುವ ನೀರು ಇದಲ್ಲ, ಹಾಗಾಗಿ ಡಾಂಬರು ಹಚ್ಚಿ ಪ್ರಯೋಜನವಿಲ್ಲ. ತಗಡಿಗೂ ನಿಮಗೂ ನಡುವೆ ಇನ್ನೊಂದು ಪದರ ಬೇಕು, ಆ ಎರಡರ ನಡುವೆ ಗಾಳಿ ನಿಲ್ಲಬೇಕು.

ಮಾಡುವ ರೀತಿ ಹೀಗೆ. ತಗಡಿನಿಂದ 6ರಿಂದ 9 ಇಂಚು ಕೆಳಗೆ, ಗೋಡೆಯಿಂದ ಗೋಡೆಗೆ ಎರಡು ಅಡಿಗೊಂದರಂತೆ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ ಬಿಗಿಯಾಗಿ ಎಳೆಯಿರಿ. ಒಂದು ಗೋಡೆಯ ಕಡೆ ಮೊಳೆಯನ್ನು ಮೂರು ಇಂಚು ಕೆಳಗೆ ಹೊಡೆದರೆ ಸಣ್ಣ ಇಳಿಜಾರು ಸಿಗುತ್ತದೆ. ತಂತಿಯ ಮೇಲೆ ಗೋಣಿಚೀಲಗಳನ್ನು ಒಂದಕ್ಕೊಂದು ಹೊಲಿದು ಹಾಸಿ. 10 ಅಡಿಗೆ 12 ಅಡಿಯ ಕೋಣೆಗೆ ಚೀಲ ಬಿಚ್ಚದೆ ಎರಡು ಪದರ ಇರುವಂತೆ ಹಾಸಲು ಸುಮಾರು 22 ದೊಡ್ಡ ಚೀಲ ಬೇಕು. ಕಿರಾಣಿ ಅಂಗಡಿಯಲ್ಲಿ ಹಳೆಯ ಚೀಲ ಕೇಳಿ, ಝಾಡಿಸಿ, ಎರಡು ದಿನ ಬಿಸಿಲಿಗೆ ಹಾಕಿ. ಗೋಣಿಯ ಮೇಲ್ಮೈಗೆ, ಅಂದರೆ ತಗಡಿನ ಕಡೆಗೆ, ಪ್ಲಾಸ್ಟಿಕ್ ಹಾಳೆ ಹೊದಿಸಿ. ತೊಟ್ಟಿಕ್ಕುವ ನೀರು ಅದರ ಮೇಲೆ ಬಿದ್ದು ಇಳಿಜಾರಿನಲ್ಲಿ ಗೋಡೆಯ ಕಡೆಗೆ ಹರಿಯುತ್ತದೆ, ಅಲ್ಲೊಂದು ಡಬ್ಬ ಇಡಿ. ಪ್ಲಾಸ್ಟಿಕ್ಕನ್ನು ಕೆಳಗೆ ಹಾಕಿ ಗೋಣಿಯನ್ನು ಮೇಲೆ ಹಾಕಿದರೆ ಗೋಣಿ ನೀರು ಕುಡಿದು, ಬೂಷ್ಟು ಹಿಡಿದು, ಭಾರಕ್ಕೆ ಜೋಲುತ್ತದೆ. ಒಲೆ ಇರುವ ಕೋಣೆಗೆ ಇದನ್ನು ಮಾಡಬೇಡಿ, ಬಲ್ಬಿನಿಂದಲೂ ಒಂದೂವರೆ ಅಡಿ ದೂರ ಇರಲಿ. ಕಣಕಿಯನ್ನಾಗಲಿ ಹುಲ್ಲನ್ನಾಗಲಿ ಮೇಲೆ ತುಂಬಬೇಡಿ: ಇಲಿ ಸೇರುತ್ತದೆ, ಕಿಡಿ ಬಿದ್ದರೆ ಮನೆಯೇ ಹೋಗುತ್ತದೆ. ಥರ್ಮಾಕೋಲ್ ಅಗ್ಗಕ್ಕೆ ಸಿಗುತ್ತದಾದರೂ ಅದು ಇನ್ನೂ ಬೇಗ ಹೊತ್ತಿಕೊಳ್ಳುತ್ತದೆ.

ಆಮೇಲೆ ಸಂದುಗಳು. ಗಾಳಿ ಬೀಸುವ ರಾತ್ರಿ ಫ್ಯಾನ್ ನಿಲ್ಲಿಸಿ, ಹಚ್ಚಿದ ಊದುಬತ್ತಿಯನ್ನು ಕಿಟಕಿ ಚೌಕಟ್ಟಿನ ಸುತ್ತ, ಬಾಗಿಲ ಕೆಳಗೆ, ಗೋಡೆ ತಗಡಿಗೆ ಸೇರುವಲ್ಲಿ ನಿಧಾನವಾಗಿ ಸಾಗಿಸಿ. ಹೊಗೆ ಎಲ್ಲಿ ಥಟ್ಟನೆ ಬಾಗುತ್ತದೋ ಅಲ್ಲಿ ಗಾಳಿ ನುಗ್ಗುತ್ತಿದೆ. ಹಾಸಿಗೆಯ ಮಟ್ಟದಲ್ಲಿರುವ ಸಂದುಗಳನ್ನು ಹಳೆಯ ಬಟ್ಟೆ ತುರುಕಿ ಮುಚ್ಚಿ. ಬಾಗಿಲ ಕೆಳಗಿನ ಸಂದಿಗೆ ಹಳೆಯ ಪ್ಯಾಂಟಿನ ಕಾಲು ಕತ್ತರಿಸಿ, ಮರಳು ತುಂಬಿ, ಎರಡೂ ತುದಿ ಹೊಲಿದು ಅಡ್ಡ ಇಡಿ. ಮಾಡಿನ ಹತ್ತಿರ ಎತ್ತರದಲ್ಲಿರುವ ಒಂದೆರಡು ಸಂದು ಮಾತ್ರ ಹಾಗೇ ಇರಲಿ, ಹಬೆ ಹೋಗಲು ದಾರಿ ಬೇಕು.

ಅತ್ತೆಯವರ ಹಾಸಿಗೆಗೆ ಮೇಲೆ ಎಷ್ಟು ಹೊದಿಸುತ್ತೀರೋ ಅಷ್ಟೇ ಗಮನ ಕೆಳಗೂ ಇರಲಿ. ಮೈಭಾರಕ್ಕೆ ಹಾಸಿಗೆ ಚಪ್ಪಟೆಯಾಗಿ ನೆಲದ ಥಂಡಿ ನೇರ ಬೆನ್ನಿಗೆ ತಾಗುತ್ತದೆ. ಮಂಚವಿಲ್ಲದಿದ್ದರೆ ನೆಲಕ್ಕೆ ಗೋಣಿ, ಅದರ ಮೇಲೆ ಹತ್ತು ಹಾಳೆ ದಪ್ಪಕ್ಕೆ ಪತ್ರಿಕೆ, ಚಾಪೆ, ಆಮೇಲೆ ಕೌದಿ. ಮೇಲೆ ಹೊದೆಯಲು ಒಂದೇ ದಪ್ಪ ರಗ್ಗಿಗಿಂತ ಹಳೆ ಸೀರೆಗಳ ಕೌದಿ ಒಂದು, ಕಂಬಳಿ ಒಂದು ಇದ್ದರೆ ಲೇಸು, ಪದರಗಳ ನಡುವಿನ ಗಾಳಿಯೇ ಬೆಚ್ಚಗಿಡುವುದು. ತಲೆಗೆ ಟೊಪ್ಪಿಗೆ, ಕಾಲಿಗೆ ಕಾಲುಚೀಲ ಇರಲಿ. ಬಿಸಿನೀರಿನ ರಬ್ಬರ್ ಚೀಲ ಕೊಡುವುದಾದರೆ ಕುದಿಯುವ ನೀರು ಬೇಡ. ಮುಕ್ಕಾಲು ತುಂಬಿ, ಗಾಳಿ ಹಿಂಡಿ ತೆಗೆದು, ದಪ್ಪ ಟವೆಲಿನಲ್ಲಿ ಸುತ್ತಿ ಹಾಸಿಗೆಯಲ್ಲಿಟ್ಟು, ಅವರು ಮಲಗುವಾಗ ತೆಗೆದುಬಿಡಿ. ಸಕ್ಕರೆ ಕಾಯಿಲೆಯವರಿಗೆ ಪಾದದಲ್ಲಿ ಸ್ಪರ್ಶ ಕಡಿಮೆಯಾಗಿರುತ್ತದೆ. ಸುಡುತ್ತಿರುವುದು ಅವರಿಗೆ ಗೊತ್ತಾಗುವುದಿಲ್ಲ, ಬೆಳಿಗ್ಗೆ ನೋಡಿದರೆ ಬೊಬ್ಬೆ ಎದ್ದಿರುತ್ತದೆ, ಆ ಗಾಯ ತಿಂಗಳಾದರೂ ಮಾಯುವುದಿಲ್ಲ.

ಎರಡು ಸಾವಿರವನ್ನು ಈ ಕ್ರಮದಲ್ಲಿ ಖರ್ಚು ಮಾಡಿ: ತಂತಿ, ಚೀಲ, ಪ್ಲಾಸ್ಟಿಕ್ ಹಾಳೆ ಮೊದಲು. ಉಳಿದದ್ದು ಅತ್ತೆಯವರ ಕಂಬಳಿಗೆ. ರೂಮ್ ಹೀಟರ್ ಬೇಡವೇ ಬೇಡ. 1000 ವಾಟಿನದು ಗಂಟೆಗೆ ಒಂದು ಯೂನಿಟ್ ಎಳೆಯುತ್ತದೆ, ತಗಡಿನ ಕೋಣೆಯಲ್ಲಿ ಆ ಬಿಸಿಯೆಲ್ಲ ಮೇಲೆ ಹೋಗಿ ತಗಡು ಸೇರುತ್ತದೆ.

ಪ್ರಶ್ನೆ: ಬೆಂಗಳೂರಿನಲ್ಲಿ ಬಾಡಿಗೆ ಮನೆ. ಸ್ನಾನಕ್ಕೆ ರಾಡ್ ಹಾಕಿ ನೀರು ಕಾಯಿಸುತ್ತೇವೆ. ಗೀಸರ್ ಕೊಳ್ಳುವುದು ಲಾಭವೇ? ರಾಡ್‌ನಿಂದ ಬಿಲ್ ಎಷ್ಟು ಬರಬಹುದು?

ಉತ್ತರ: 15 ಲೀಟರ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು ಅರ್ಧ ಯೂನಿಟ್‌ಗಿಂತ ತುಸು ಕಡಿಮೆ ಸಾಕು. 1000 ವಾಟಿನ ರಾಡ್‌ಗೆ ಅಂದಾಜು ಅರ್ಧ ಗಂಟೆ. ಕುದಿಯುವವರೆಗೆ ಬಿಟ್ಟು ಆಮೇಲೆ ತಣ್ಣೀರು ಬೆರೆಸಿದರೂ ಅಷ್ಟೇ ಲೆಕ್ಕ, ಆದರೆ ಆ ಹೊತ್ತಿನಲ್ಲಿ ಹಬೆಯಾಗಿ ಹೋದದ್ದು ನಷ್ಟ. ಬಕೆಟ್ ಮೇಲೆ ತಟ್ಟೆ ಮುಚ್ಚಲಾಗದಿದ್ದರೆ ಅರ್ಧ ಭಾಗಕ್ಕೆ ಹಲಗೆಯಾದರೂ ಇಡಿ. ಎರಡು ಮೂರು ಜನರ ಮನೆಗೆ ರಾಡೇ ಸಾಕು, ಗೀಸರ್ ತಂದು ಉಳಿಸುವುದೇನಿಲ್ಲ. ರಾಡ್ ಮೇಲೆ ಬಿಳಿ ಸುಣ್ಣದ ಪದರ ಕಟ್ಟಿದರೆ ನೀರು ಕಾಯುವುದು ನಿಧಾನವಾಗಿ, ಒಳಗೆ ಸುರುಳಿ ಸುಡುತ್ತದೆ. ತಿಂಗಳಿಗೊಮ್ಮೆ ನೀರಿಗೆ ವಿನಿಗರ್ ಅಥವಾ ನಿಂಬೆಹುಳಿ ಬೆರೆಸಿ, ಕರೆಂಟ್ ಹಾಕದೆ ಒಂದು ರಾತ್ರಿ ಅದ್ದಿಟ್ಟು ತೊಳೆಯಿರಿ.

ಸುರಕ್ಷತೆಗೆ ಇಷ್ಟು. ಲೋಹದ ಬಕೆಟ್ ಬೇಡ, ಪ್ಲಾಸ್ಟಿಕ್ ಬಕೆಟ್‌ಗೆ ರಾಡ್ ತಾಗದಂತೆ ನಡುವೆ ತೂಗುಹಾಕಿ. ಮೊದಲು ನೀರಲ್ಲಿಳಿಸಿ ಆಮೇಲೆ ಸ್ವಿಚ್, ತೆಗೆಯುವಾಗ ಮೊದಲು ಸ್ವಿಚ್ ಆರಿಸಿ ಪ್ಲಗ್ ಕಿತ್ತು ಆಮೇಲೆ ರಾಡ್. ಬಿಸಿಯಾಯಿತೇ ಎಂದು ಕರೆಂಟ್ ಇರುವಾಗ ಬೆರಳು ಅದ್ದಿ ನೋಡುವ ಅಭ್ಯಾಸ ಜೀವಕ್ಕೆ ಮುಳುವು. 1500 ವಾಟಿನದಾದರೆ ಮೂರು ಪಿನ್ನಿನ 16 ಆಂಪ್ ಪ್ಲಗ್ಗೇ ಬೇಕು. ಗ್ಯಾಸ್ ಗೀಸರ್ ಯೋಚನೆ ಇದ್ದರೆ ಕಿಟಕಿಯಿಲ್ಲದ ಬಚ್ಚಲುಮನೆಗೆ ಅದನ್ನು ಹಾಕಿಸಲೇಬೇಡಿ. ಶಿಗಡಿಯ ವಿಷಯದಲ್ಲಿ ಹೇಳಿದ ಅನಿಲವೇ ಅಲ್ಲೂ ಹುಟ್ಟುತ್ತದೆ.

ಪ್ರಶ್ನೆ: ಕೋಲಾರದ ಕಡೆಯವರು ನಾವು. ಎರಡು ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ಹಸು, ಈ ತಿಂಗಳ ಕೊನೆಗೆ ಒಂದು ಕರು ಹಾಕುತ್ತದೆ. ಹೋದ ಚಳಿಗಾಲದಲ್ಲಿ ಕೊಟ್ಟಿಗೆಗೆ ಸುತ್ತ ಟಾರ್ಪಾಲು ಕಟ್ಟಿ ರಾತ್ರಿ ಹೊಗೆ ಹಾಕಿದರೂ ಕರು ಕೆಮ್ಮು ಬಂದು ಸತ್ತಿತು. ಏನು ತಪ್ಪಾಯಿತು?

ಉತ್ತರ: ಟಾರ್ಪಾಲು ಮತ್ತು ಹೊಗೆ, ಎರಡೂ ಕಾರಣವಾಗಿರುವ ಸಂಭವ ಹೆಚ್ಚು. ಎಚ್.ಎಫ್. ಹಸು 5ರಿಂದ 25 ಡಿಗ್ರಿಯಲ್ಲಿ ಸುಖವಾಗಿರುವ ತಳಿ, ಕೋಲಾರದ ಚಳಿ ದೊಡ್ಡ ಹಸುವಿಗೆ ಏನೂ ಮಾಡುವುದಿಲ್ಲ. ಎಲ್ಲ ಕಡೆ ಮುಚ್ಚಿದ ಕೊಟ್ಟಿಗೆಯಲ್ಲಿ ಗಂಜಲದಿಂದ ಏಳುವ ಅಮೋನಿಯಾ ಕರುವಿನ ಶ್ವಾಸಕೋಶವನ್ನು ಸುಡುತ್ತದೆ, ಹೊಗೆ ಅದಕ್ಕೆ ಸೇರುತ್ತದೆ, ನ್ಯುಮೋನಿಯಾ ಹಿಡಿಯುವುದು ಸುಲಭವಾಗುತ್ತದೆ. ಬೆಳಿಗ್ಗೆ ಕೊಟ್ಟಿಗೆಗೆ ಹೋದಾಗ ಕರುವಿನ ಮೂತಿಯ ಮಟ್ಟಕ್ಕೆ ಕುಕ್ಕರಗಾಲಲ್ಲಿ ಕೂತು ಉಸಿರೆಳೆದುಕೊಳ್ಳಿ. ನಿಂತಾಗ ಗೊತ್ತಾಗದ ಘಾಟು ಅಲ್ಲಿ ಕಣ್ಣುರಿಸಿದರೆ ಕೊಟ್ಟಿಗೆ ಅತಿಯಾಗಿ ಮುಚ್ಚಿದೆ ಎಂದರ್ಥ.

ಗಾಳಿ ಬರುವ ದಿಕ್ಕಿಗೆ ಮಾತ್ರ, ನೆಲದಿಂದ ನಾಲ್ಕಡಿ ಎತ್ತರಕ್ಕೆ ಗೋಣಿ ಅಥವಾ ಟಾರ್ಪಾಲು ಕಟ್ಟಿ. ಅದರ ಮೇಲೆ ಮಾಡಿನವರೆಗೆ ತೆರೆದಿರಲಿ. ಬೆಳಿಗ್ಗೆ ಸುತ್ತಿಟ್ಟು ಬಿಸಿಲು ಒಳಗೆ ಬಿಡಿ. ನೆಲ ತೊಳೆಯುವುದನ್ನು ಸಂಜೆಗೆ ಇಟ್ಟುಕೊಳ್ಳಬೇಡಿ, ಮಧ್ಯಾಹ್ನದ ಮುಂಚೆ ತೊಳೆದರೆ ಕತ್ತಲಾಗುವಷ್ಟರಲ್ಲಿ ಒಣಗಿರುತ್ತದೆ.

ಕರುವಿಗೆ ಒಂದು ಮೂಲೆಯಲ್ಲಿ ಅರ್ಧ ಅಡಿ ದಪ್ಪ ಒಣಹುಲ್ಲಿನ ಹಾಸು ಮಾಡಿ. ಪರೀಕ್ಷೆ ಸುಲಭ: ಹಾಸಿನ ಮೇಲೆ ಮೊಣಕಾಲೂರಿ ಹತ್ತು ಎಣಿಸಿ. ಪಂಚೆ ಒದ್ದೆಯಾದರೆ ಮೇಲಿನ ಪದರ ತೆಗೆದು ಹೊಸ ಹುಲ್ಲು ಹಾಕಿ. ಹುಟ್ಟಿದ ಕೂಡಲೇ ತಾಯಿ ನೆಕ್ಕಲಿ, ಆಮೇಲೆ ನೀವೂ ಒಣ ಗೋಣಿಯಿಂದ ಮೈ ಉಜ್ಜಿ ಒರೆಸಿ, ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ. ಗಿಣ್ಣದ ಹಾಲು ಮೊದಲ ಒಂದು ಗಂಟೆಯಲ್ಲೇ ಹೊಟ್ಟೆಗೆ ಬೀಳಬೇಕು. 30 ಕೆ.ಜಿ. ಕರುವಿಗೆ ಆರು ಗಂಟೆಯೊಳಗೆ ಒಟ್ಟು ಮೂರು ಲೀಟರ್. ಗಂಟೆಗಳು ಕಳೆದಂತೆ ಕರುಳು ಗಿಣ್ಣದ ರೋಗನಿರೋಧಕ ಅಂಶವನ್ನು ಹೀರುವುದು ಕುಗ್ಗುತ್ತದೆ, ಒಂದು ದಿನ ದಾಟಿದರೆ ಹೀರುವುದೇ ಇಲ್ಲ. ಹಸುವಿನ ಕಸ (ಮಾಸು) ಬೀಳುವವರೆಗೆ ಕಾಯಬೇಕೆಂಬ ರೂಢಿಯಿಂದ ಸಾಯುವ ಕರುಗಳಿಗೆ ಲೆಕ್ಕವಿಲ್ಲ, ದಯವಿಟ್ಟು ಕಾಯಬೇಡಿ.

ಕರುವಿಗೆ ಗೋಣಿಯ ಅಂಗಿ ಹೊಲಿಯಬಹುದು. ಚೀಲದ ಒಂದು ಬದಿ ಮತ್ತು ತಳ ಬಿಚ್ಚಿ, ಬೆನ್ನಿನ ಮೇಲೆ ಹೊದಿಸಿ, ಎದೆಯ ಮುಂದೆ ಒಂದು, ಹೊಟ್ಟೆಯಡಿ ಒಂದು ಪಟ್ಟಿಯಿಂದ ಕಟ್ಟಿ. ಪಟ್ಟಿಯ ಕೆಳಗೆ ಎರಡು ಬೆರಳು ತೂರುವಷ್ಟು ಸಡಿಲ ಇರಲಿ. ಹೋರಿಗರುವಾದರೆ ಹೊಟ್ಟೆಯ ಪಟ್ಟಿ ಮುಂಗಾಲಿನ ಹತ್ತಿರವೇ ಇರಬೇಕು, ಹಿಂದಕ್ಕೆ ಸರಿದರೆ ಗಂಜಲದಿಂದ ತೊಯ್ದು ಅಂಗಿಯೇ ಚಳಿ ಹಿಡಿಸುತ್ತದೆ. ಬಿಸಿಲೇರಿದ ಮೇಲೆ ಬಿಚ್ಚಿ ಒಣಗಿಸಿ.

ದೊಡ್ಡ ಹಸುಗಳಿಗೆ ರಾತ್ರಿ ಮೇವಿನಲ್ಲಿ ರಾಗಿ ಹುಲ್ಲು ಹೆಚ್ಚಿಸಿ. ಒಣಮೇವು ಹೊಟ್ಟೆಯಲ್ಲಿ ಹುಳಿಯುವಾಗ ಹುಟ್ಟುವ ಬಿಸಿಯೇ ಅವುಗಳ ಒಲೆ. ಮುಂಜಾನೆಯ ತಣ್ಣೀರನ್ನು ಅವು ಕಡಿಮೆ ಕುಡಿಯುತ್ತವೆ, ಹಾಲು ಇಳಿಯುತ್ತದೆ. ಆಗ ತಾನೇ ಬೋರಿನಿಂದ ಎತ್ತಿದ ನೀರು ಬೆಚ್ಚಗಿರುತ್ತದೆ, ಅದನ್ನೇ ಕೊಡಿ. ಕರು ಹಾಲು ಬಿಟ್ಟರೆ, ಪಕ್ಕೆ ಎಳೆದು ಉಸಿರಾಡಿದರೆ ಕಷಾಯ ಕುಡಿಸುತ್ತಾ ದಿನ ಕಳೆಯಬೇಡಿ. ಸರ್ಕಾರದ ಪಶು ಸಂಚಾರಿ ಚಿಕಿತ್ಸೆಗೆ 1962ಕ್ಕೆ ಕರೆ ಮಾಡಿ, ಕರೆಗೆ ದುಡ್ಡಿಲ್ಲ.

ಪ್ರಶ್ನೆ: ಐವತ್ತು ನಾಟಿ ಕೋಳಿಮರಿ ತಂದಿದ್ದೇವೆ. ರಟ್ಟಿನ ದೊಡ್ಡ ಡಬ್ಬದಲ್ಲಿ ಎರಡು ಎಲ್ಇಡಿ ಬಲ್ಬ್ ಹಾಕಿದ್ದೇವೆ. ದಿನಾ ಬೆಳಿಗ್ಗೆ ಮೂರ್ನಾಲ್ಕು ಮರಿ ಮೂಲೆಯಲ್ಲಿ ಸತ್ತಿರುತ್ತವೆ. (ಚಿತ್ರದುರ್ಗ ಜಿಲ್ಲೆ)

ಉತ್ತರ: ಎಲ್ಇಡಿ ಬೆಳಕು ಕೊಡುತ್ತದೆ, ಬಿಸಿ ಕೊಡುವುದಿಲ್ಲ. ಚಳಿಗೆ ಮರಿಗಳು ಮೂಲೆ ಸೇರಿ ಒಂದರ ಮೇಲೊಂದು ಏರುತ್ತವೆ, ಅಡಿಯಲ್ಲಿದ್ದವು ಉಸಿರುಕಟ್ಟಿ ಸಾಯುತ್ತವೆ. ಮೂಲೆಯೇ ಇಲ್ಲದಂತೆ ಮಾಡಿ: ಒಂದೂವರೆ ಅಡಿ ಎತ್ತರದ ರಟ್ಟನ್ನು ನಾಲ್ಕಡಿ ಅಗಲದ ವೃತ್ತವಾಗಿ ನಿಲ್ಲಿಸಿ. ಕೆಳಗೆ ಎರಡು ಇಂಚು ಭತ್ತದ ಹೊಟ್ಟು ಹಾಕಿ. ಮೊದಲ ಮೂರು ದಿನ ಅದರ ಮೇಲೆ ಪತ್ರಿಕೆ ಹಾಸಿ, ಇಲ್ಲದಿದ್ದರೆ ಆಹಾರವೆಂದು ಹೊಟ್ಟನ್ನೇ ತಿನ್ನುತ್ತವೆ.

ಮರಿಗೆ ಎರಡು ವಾಟ್ ಎಂಬುದು ಲೆಕ್ಕ. ಐವತ್ತಕ್ಕೆ 100 ವಾಟ್, ಅದು ತಂತಿ ಉರಿಯುವ ಹಳೆಯ ಬಲ್ಬೇ ಆಗಬೇಕು. ನೂರರದು ಒಂದರ ಬದಲು ಅರವತ್ತರದು ಎರಡು ಹಾಕಿ, ಒಂದು ಸುಟ್ಟರೂ ರಾತ್ರಿ ಇನ್ನೊಂದು ಇರುತ್ತದೆ. ಬಲ್ಬನ್ನು ಅದರ ವೈರಿನಿಂದಲ್ಲ, ಬೇರೆ ತಂತಿಯಿಂದ ಬಿಗಿಯಾಗಿ ತೂಗುಹಾಕಿ. ಹೊಟ್ಟಿನ ಮೇಲೆ ಬಿದ್ದರೆ ಬೆಂಕಿಯೇ. ಮೊದಲ ವಾರ ಮರಿಗಳ ಬೆನ್ನಿನ ಮಟ್ಟದಲ್ಲಿ 35 ಡಿಗ್ರಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಹೋಗಿ, ಅಂದರೆ ಬಲ್ಬನ್ನು ಮೇಲೇರಿಸಿ. ಥರ್ಮಾಮೀಟರ್ ಇಲ್ಲದಿದ್ದರೂ ಮರಿಗಳೇ ಹೇಳುತ್ತವೆ. ಬಲ್ಬಿನಡಿ ಗುಂಪಾಗಿ ಕಿರುಚಿದರೆ ಚಳಿ. ಅಂಚಿಗೆ ಸರಿದು ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ. ಎಲ್ಲವೂ ಒಂದೇ ಪಕ್ಕಕ್ಕೆ ಸರಿದಿದ್ದರೆ ಎದುರು ಪಕ್ಕದಿಂದ ಗಾಳಿ ಬರುತ್ತಿದೆ. ಚದುರಿ ಮಲಗಿದ್ದರೆ ಸರಿಯಾಗಿದೆ.

ಕರೆಂಟ್ ಹೋಗುವ ಊರಾದರೆ ಎರಡು ಲೀಟರಿನ ಬಾಟಲಿಗಳಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ವೃತ್ತದ ನಡುವೆ ಇಡಿ, ಮೇಲೆ ಗೋಣಿ ಹೊದಿಸಿ ಒಂದು ಪಕ್ಕ ಗೇಣಗಲ ಬಿಡಿ. ಮಡಕೆಯಲ್ಲಿ ಕೆಂಡ ಇಡುವುದು ಬೇಡ.

ಪ್ರಶ್ನೆ: ಮೈಸೂರಿನಲ್ಲಿ ನಮ್ಮ ಬೀದಿಯ ನಾಯಿ ಕಾಂಪೌಂಡ್ ಪಕ್ಕ ಮರಿ ಹಾಕಿದೆ. ಹಳೆಯ ಬೆಡ್‌ಶೀಟ್ ಹಾಸಿದೆವು, ಮರಿಗಳು ತಣ್ಣಗಿವೆ. ಹಸುವಿನ ಹಾಲು ಕುಡಿಸಬಹುದೇ?

ಉತ್ತರ: ಹಾಲಿಗಿಂತ ಮೊದಲು ಬಿಸಿ. ಮೊದಲೆರಡು ವಾರ ನಾಯಿಮರಿಗೆ ತನ್ನ ಮೈ ಬೆಚ್ಚಗಿಟ್ಟುಕೊಳ್ಳುವ ಶಕ್ತಿಯಿಲ್ಲ, ನಡುಗಲೂ ಬರುವುದಿಲ್ಲ. ತಣ್ಣಗಾದ ಮರಿಯ ಹೊಟ್ಟೆ ಕೆಲಸ ಮಾಡುವುದಿಲ್ಲ. ಆಗ ಕುಡಿಸಿದ ಹಾಲು ಅಲ್ಲೇ ಕೊಳೆಯುತ್ತದೆ ಅಥವಾ ಶ್ವಾಸಕೋಶಕ್ಕೆ ಇಳಿಯುತ್ತದೆ. ಒಂದು ಲೀಟರಿನ ಬಾಟಲಿಗೆ ಬಿಸಿನೀರು ತುಂಬಿ, ಮುಚ್ಚಳ ಬಿಗಿದು, ಎರಡು ಸುತ್ತು ಬಟ್ಟೆ ಸುತ್ತಿ ಗೂಡಿನ ಒಂದು ಪಕ್ಕದಲ್ಲಿ ಮಾತ್ರ ಇಡಿ. ಸೆಕೆಯಾದರೆ ಮರಿ ಇನ್ನೊಂದು ಪಕ್ಕಕ್ಕೆ ತೆವಳಲು ಜಾಗ ಬೇಕು. ಮೂರು ಗಂಟೆಗೊಮ್ಮೆ ಬದಲಿಸಿ. ತಾಯಿ ಇದ್ದರೆ ತಾಯಿಗೆ ಚೆನ್ನಾಗಿ ಊಟ ಹಾಕಿ, ಅನ್ನದ ಜೊತೆ ಬೇಯಿಸಿದ ಮೊಟ್ಟೆಯೋ ಕೋಳಿಯೋ. ಮರಿಗಳಿಗೆ ನೀವು ಕುಡಿಸಬೇಕಾಗಿಲ್ಲ. ತಾಯಿ ಇಲ್ಲದಿದ್ದರೆ ಮಾತ್ರ ಪಶುವೈದ್ಯರ ಬಳಿ ನಾಯಿಮರಿಗಳ ಹಾಲಿನ ಪುಡಿ ಕೇಳಿ, ಹಸುವಿನ ಹಾಲಿಗೆ ಭೇದಿಯಾಗುತ್ತದೆ. ಮರಿಯನ್ನು ಹೊಟ್ಟೆಯ ಮೇಲೆ ಮಲಗಿಸಿಯೇ ಕುಡಿಸಿ, ಮಗುವಿನಂತೆ ಅಂಗಾತ ಹಿಡಿಯಬೇಡಿ.

ಹೊರಗಿನ ಗೂಡಿಗೆ ಬೆಡ್‌ಶೀಟ್ ಸಲ್ಲದು. ಇಬ್ಬನಿ ಹೀರಿ ದಿನವಿಡೀ ಒದ್ದೆಯಾಗಿರುತ್ತದೆ. ಭತ್ತದ ಒಣಹುಲ್ಲು ಅರ್ಧ ಅಡಿ ತುಂಬಿ, ನಾಯಿ ಅದರೊಳಗೆ ಹುದುಗಿಕೊಳ್ಳುತ್ತದೆ. ಗೂಡಿಗೆ ಹಣ್ಣಿನ ಮರದ ಪೆಟ್ಟಿಗೆ ಅಥವಾ ಆಹಾರ ಸಾಮಗ್ರಿ ಬಂದಿದ್ದ ಪ್ಲಾಸ್ಟಿಕ್ ಡ್ರಮ್ ಆಗುತ್ತದೆ. ರಾಸಾಯನಿಕ ತುಂಬಿದ್ದ ಡ್ರಮ್ ಎಷ್ಟು ತೊಳೆದರೂ ಬೇಡ. ಡ್ರಮ್ ಅಡ್ಡ ಮಲಗಿಸಿ, ಉರುಳದಂತೆ ಎರಡೂ ಪಕ್ಕ ಇಟ್ಟಿಗೆ ಕೊಟ್ಟು, ನೆಲದಿಂದ ಒಂದು ಇಟ್ಟಿಗೆ ಎತ್ತರದಲ್ಲಿ ಕೂರಿಸಿ. ಬಾಯಿಯ ಕೆಳಗಿನ ನಾಲ್ಕು ಇಂಚು ಹಾಗೇ ಬಿಟ್ಟು ಮೇಲೆ ಅಡಿಯಗಲದ ಬಾಗಿಲು ಕತ್ತರಿಸಿ. ಆ ಹೊಸ್ತಿಲು ಹುಲ್ಲನ್ನೂ ಮರಿಗಳನ್ನೂ ತಡೆಯುತ್ತದೆ. ಕತ್ತರಿಸಿದ ಅಂಚಿಗೆ ಸೀಳಿದ ನೀರಿನ ಪೈಪ್ ಸಿಕ್ಕಿಸಿದರೆ ಮೈ ಗೀರುವುದಿಲ್ಲ. ಗೂಡು ದೊಡ್ಡದಿದ್ದಷ್ಟೂ ಒಳ್ಳೆಯದಲ್ಲ, ನಾಯಿ ಒಳಗೆ ತಿರುಗಿ ಮಲಗುವಷ್ಟಿದ್ದರೆ ಅದರ ಮೈಬಿಸಿಯೇ ತುಂಬುತ್ತದೆ.

ಪ್ರಶ್ನೆ: ಬೆಕ್ಕಿಗೆ ನೆಗಡಿ. ಮಕ್ಕಳಿಗೆ ಹಚ್ಚುವ ನೋವಿನ ಬಾಮ್ ಹಚ್ಚಬಹುದೇ, ಪ್ಯಾರಾಸಿಟಮಾಲ್ ಕಾಲು ಮಾತ್ರೆ ಕೊಡಬಹುದೇ? (ಶಿವಮೊಗ್ಗ)

ಉತ್ತರ: ಎರಡೂ ಬೇಡ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಅದನ್ನು ಕರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ, ಒಂದು ತುಂಡೂ ಕೊಲ್ಲಬಹುದು. ಬಾಮಿನಲ್ಲಿ ಕರ್ಪೂರವಿರುತ್ತದೆ, ಬೆಕ್ಕು ಮೈ ನೆಕ್ಕಿ ಅದನ್ನು ನುಂಗುತ್ತದೆ. ಮೂಗು ಕಟ್ಟಿದ ಬೆಕ್ಕಿಗೆ ವಾಸನೆ ಸಿಗದೆ ಊಟ ಬಿಡುತ್ತದೆ, ಮೀನನ್ನು ಬಿಸಿ ಮಾಡಿ ಕೊಡಿ. ಒಂದು ದಿನಕ್ಕಿಂತ ಹೆಚ್ಚು ಉಪವಾಸವಿದ್ದರೆ ಆಸ್ಪತ್ರೆಗೆ ಒಯ್ಯಿರಿ. ಟ್ರಂಕಿನಿಂದ ತೆಗೆದ ಸ್ವೆಟರ್, ಕಂಬಳಿಗಳಲ್ಲಿ ನುಸಿ ಗುಳಿಗೆ ಉಳಿದಿಲ್ಲವೆಂದು ಝಾಡಿಸಿ ನೋಡಿ, ಎರಡು ದಿನ ಬಿಸಿಲಿಗೆ ಹಾಕಿಯೇ ಬಳಸಿ. ಅದು ಬೆಕ್ಕಿಗಷ್ಟೇ ಅಲ್ಲ, ಎಳೆ ಕೂಸಿಗೂ ಕೆಟ್ಟದ್ದು. ಮುಂದಿನ ವರ್ಷಕ್ಕೆ ಒಣಗಿದ ಬೇವಿನೆಲೆ ಹಾಕಿಡಿ. ಬೆಳಿಗ್ಗೆ ಕಾರು ತೆಗೆಯುವ ಮುಂಚೆ ಬಾನೆಟ್ ಮೇಲೆ ಎರಡೇಟು ತಟ್ಟಿ, ರಾತ್ರಿ ಎಂಜಿನ್ನಿನ ಬಿಸಿಗೆ ಬೆಕ್ಕು ಒಳಗೆ ಸೇರಿರುತ್ತದೆ.

ಪ್ರಶ್ನೆ: ಚಳಿಗಾಲದಲ್ಲಿ ನಮ್ಮ ಆಡುಗಳು ಸೊರಗುತ್ತವೆ, ಭೇದಿಯೂ ಹೆಚ್ಚು. ಬೆಳಿಗ್ಗೆ ಬೇಗ ಮೇಯಲು ಬಿಡುತ್ತೇವೆ. (ವಿಜಯಪುರ ಜಿಲ್ಲೆ)

ಉತ್ತರ: ಬೇಗ ಬಿಡುವುದನ್ನು ನಿಲ್ಲಿಸಿ. ಇಬ್ಬನಿಯ ತೇವದಲ್ಲಿ ಜಂತುಹುಳುವಿನ ಮರಿಗಳು ಹುಲ್ಲಿನ ತುದಿಗೆ ಏರಿರುತ್ತವೆ. ಬಿಸಿಲೇರಿ ಹುಲ್ಲು ಒಣಗಿದ ಮೇಲೆ, ಒಂಬತ್ತು-ಹತ್ತರ ಹೊತ್ತಿಗೆ ಬಿಟ್ಟರೆ ಅವು ಬುಡಕ್ಕೆ ಇಳಿದಿರುತ್ತವೆ. ಬಿಡುವ ಮುಂಚೆ ಒಂದು ಹಿಡಿ ಒಣ ಹೊಟ್ಟು ತಿನ್ನಿಸಿ. ಹಿಕ್ಕೆಯನ್ನು ಪಶು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ, ಯಾವ ಹುಳು ಎಂದು ತಿಳಿದು, ಆಡಿನ ತೂಕ ನೋಡಿ ಔಷಧ ಕುಡಿಸಿ. ಅಂದಾಜಿಗೆ ಕಡಿಮೆ ಕುಡಿಸಿದರೆ ಹುಳು ಸಾಯದೆ ಔಷಧಕ್ಕೆ ಒಗ್ಗಿಕೊಳ್ಳುತ್ತದೆ. ಪಿಪಿಆರ್ (ಆಡು-ಕುರಿಗಳಿಗೆ ಬರುವ ಮಾರಕ ಸಾಂಕ್ರಾಮಿಕ ರೋಗ) ಲಸಿಕೆ ಆಗಿಲ್ಲದಿದ್ದರೆ ಅದೇ ಭೇಟಿಯಲ್ಲಿ ಕೇಳಿ ಹಾಕಿಸಿ. ರಾತ್ರಿ ದೊಡ್ಡಿಯಲ್ಲಿ ಮರಿಗಳಿಗೆ ನೆಲದಿಂದ ಒಂದಡಿ ಎತ್ತರದ ಹಲಗೆ ಅಟ್ಟ ಕಟ್ಟಿ, ಹಲಗೆಗಳ ನಡುವೆ ಅರ್ಧ ಇಂಚು ಸಂದು ಬಿಡಿ. ಉಚ್ಚೆ ಕೆಳಗಿಳಿಯುತ್ತದೆ, ಗೊರಸು ಸಿಕ್ಕಿಕೊಳ್ಳುವುದಿಲ್ಲ.